ರೇಸ್ ಗಾಲಿಗೆ 70 ಸಾವಿರ ಹಾಕೋದಾ?

ಈ ವಾರದ ಪ್ರಶ್ನೆ ಬಸವಕಲ್ಯಾಣದಿಂದ ಬಂದಿದೆ. ಕೇಳಿದವರ ವಯಸ್ಸು 27, ತೂಕ 52 ಕೆ.ಜಿ., ನೌಕರಿ ಹುಮನಾಬಾದ್‌ನಲ್ಲಿ. ಎರಡು ವರ್ಷದಿಂದ ಡಿಸ್ಕ್ ಬ್ರೇಕಿನ ರೋಡ್ ಬೈಕ್ ಓಡಿಸುತ್ತಿದ್ದಾರೆ. ಮೂರು ತಿಂಗಳ ನಂತರ ಬೆಂಗಳೂರಿನಲ್ಲಿ ಮೊದಲ ಹವ್ಯಾಸಿ ರೇಸ್. ಕೈಯಲ್ಲಿ ಉಳಿತಾಯದ 70 ಸಾವಿರ ಇದೆ. "ಹೈದರಾಬಾದ್‌ನಲ್ಲಿರೋ ಅಣ್ಣ 60 ಎಂಎಂ ಕಾರ್ಬನ್ ಗಾಲಿ ತಗೋ ಅಂತಾನೆ. ಅಪ್ಪ, ಅಷ್ಟು ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಸ್ಕೂಟರೇ ಬರುತ್ತಲ್ಲ ಅಂತಾರೆ. ನಾನು ಯಾರ ಮಾತು ಕೇಳಲಿ?"

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. ಆದರೆ ನೀವು ಮೊದಲು ಕೇಳಬೇಕಾದ್ದು ನೀವು ದಿನಾ ಓಡಾಡುವ ರಸ್ತೆಯ ಮಾತು.

ಅಣ್ಣ ಹೇಳಿದ್ದರಲ್ಲಿ ನಿಜ ಎಷ್ಟು?

ಸೈಕಲ್ ವೇಗ ಹೆಚ್ಚಿದ ಹಾಗೆ ಗಾಳಿಯ ಅಡ್ಡಿ ಸುಮ್ಮನೆ ಹೆಚ್ಚೋದಿಲ್ಲ. ಗಂಟೆಗೆ 30 ಕಿ.ಮೀ.ಯಿಂದ 40ಕ್ಕೆ ಹೋದರೆ, ಗಾಳಿಯನ್ನು ಸೀಳೋದಕ್ಕೇ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ರಿಮ್ ಆಳವಾಗಿದ್ದರೆ ಗಾಳಿ ಗಾಲಿಯ ಸುತ್ತ ನಯವಾಗಿ ಹರಿಯುತ್ತದೆ. ಒಬ್ಬರೇ 40ರ ವೇಗದಲ್ಲಿ ಹೋಗುವಾಗ ಇದರಿಂದ ಐದು-ಹತ್ತು ವಾಟ್‌ನಷ್ಟು ಉಳಿಯಬಹುದು. ಅಣ್ಣ ಹೇಳೋದು ಇದನ್ನೇ.

ಆದರೆ ಗುಂಪು ರೇಸ್‌ನಲ್ಲಿ ಹೆಚ್ಚಿನ ಹೊತ್ತು ನೀವು ಇನ್ನೊಬ್ಬರ ಹಿಂದೆ ಇರುತ್ತೀರಿ. ಮುಂದಿನ ಸವಾರರ ಗಾಲಿಗೆ ಹತ್ತಿರ ಅಂಟಿಕೊಂಡು ಹೋದರೆ ನಿಮ್ಮ ಶ್ರಮದ ಕಾಲು ಭಾಗವೋ ಅದಕ್ಕಿಂತ ಹೆಚ್ಚೋ ಉಳಿಯುತ್ತದೆ. ಅಷ್ಟನ್ನು ಉಳಿಸಿಕೊಡುವ ಗಾಲಿ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಮೊದಲ ರೇಸ್‌ನಲ್ಲಿ ಕಲಿಯಬೇಕಾದ್ದು ಈ ವಿದ್ಯೆ.

ಇನ್ನು ತೂಕ. ಕಂಪನಿಯಿಂದ ಬೈಕ್ ಜೊತೆಗೇ ಬರುವ ಗಾಲಿ ಜೋಡಿ ಸುಮಾರು 2 ಕೆ.ಜಿ. ಇರುತ್ತದೆ. ಒಳ್ಳೆಯ ಜೋಡಿ 1.6 ಕೆ.ಜಿ. ಆಸುಪಾಸು. ಉಳಿದದ್ದು 400 ಗ್ರಾಂ. ನೀವು, ಬೈಕು, ನೀರಿನ ಬಾಟಲಿ ಎಲ್ಲಾ ಸೇರಿ 65 ಕೆ.ಜಿ. ಅಂದುಕೊಳ್ಳಿ. 20 ನಿಮಿಷದ ಏರು ಹತ್ತುವಾಗ ಈ 400 ಗ್ರಾಂ ಉಳಿಸೋದು ಹೆಚ್ಚೆಂದರೆ ಏಳು ಸೆಕೆಂಡ್. ತಿರುಗುವ ಭಾರ ಕಡಿಮೆಯಾದರೆ ಸ್ಪ್ರಿಂಟ್ ಹೊಡೆಯುವಾಗ ಗಾಲಿ ಬೇಗ ಏಳುತ್ತದೆ ಅನ್ನೋದು ಸರಿ. ಆದರೆ ಆ ಲಾಭವೂ ಚಿಕ್ಕದೇ.

ಹೆದ್ದಾರಿಯ ಗಾಳಿ

ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದು ರಾಷ್ಟ್ರೀಯ ಹೆದ್ದಾರಿ 65 ಹಿಡಿದರೆ, ಹುಮನಾಬಾದ್ ತನಕ ಬಯಲೋ ಬಯಲು. ತೊಗರಿ ಹೊಲ, ಕಬ್ಬು, ಅಲ್ಲೊಂದು ಇಲ್ಲೊಂದು ಜಾಲಿ ಮರ. ಗಾಳಿ ತಡೆಯೋದಕ್ಕೆ ಏನೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ.

ನೀವು ಬೆಳಿಗ್ಗೆ ಹುಮನಾಬಾದ್ ಕಡೆ ಪೂರ್ವಕ್ಕೆ ಹೊರಟರೆ ಈ ಗಾಳಿ ನಿಮ್ಮ ಬೆನ್ನಿಗೂ ಬಲಗಡೆಗೂ ಬಡಿಯುತ್ತದೆ. ಗಾಳಿ ತಳ್ಳುತ್ತಿರೋದರಿಂದ ನಿಮಗೆ ಗೊತ್ತಿಲ್ಲದೇ ಬಲಕ್ಕೆ ಸ್ವಲ್ಪ ವಾಲಿಕೊಂಡು ಹೋಗುತ್ತಿರುತ್ತೀರಿ. ಅದೇ ಹೊತ್ತಿಗೆ ಬಲಗಡೆಯಿಂದ ಒಂದು ಲಾರಿ ನಿಮ್ಮನ್ನು ದಾಟುತ್ತದೆ. ಲಾರಿ ಗಾಳಿಗೆ ಅಡ್ಡ ಬಂದ ಕ್ಷಣ ಆ ತಳ್ಳು ನಿಂತು ಹೋಗುತ್ತದೆ. ವಾಲಿದ್ದ ಬೈಕು ಬಲಕ್ಕೆ, ಅಂದರೆ ಲಾರಿಯ ಕಡೆಗೇ ಎಳೆಯುತ್ತದೆ. ಲಾರಿ ದಾಟಿ ಹೋದ ಕೂಡಲೇ ಗಾಳಿ ಮತ್ತೆ ಒಮ್ಮೆಲೇ ಬಡಿಯುತ್ತದೆ.

ಸಾದಾ ರಿಮ್‌ನಲ್ಲಿ ಇದು ಸಣ್ಣ ಅಲುಗಾಟ, ಹ್ಯಾಂಡಲ್ ಹಿಡಿದು ಸಂಭಾಳಿಸಬಹುದು. ಮುಂದಿನ ಗಾಲಿಯಲ್ಲಿ 60 ಎಂಎಂ ರಿಮ್ ಇದ್ದರೆ ಅದೊಂದು ಪುಟ್ಟ ಹಾಯಿಯ ಹಾಗೆ. ಗಾಳಿ ಹಿಡಿಯೋ ಜಾಗ ಹೆಚ್ಚು, ಹ್ಯಾಂಡಲ್ ತಿರುಗೋ ಒತ್ತಡವೂ ಹೆಚ್ಚು. 80 ಕೆ.ಜಿ. ಸವಾರರಿಗಿಂತ 52 ಕೆ.ಜಿ.ಯ ನಿಮಗೆ ಇದರ ಪೆಟ್ಟು ಜೋರು. ರೇಸ್ ಇರೋದು ವರ್ಷಕ್ಕೆ ನಾಲ್ಕೈದು ದಿನ. ಮಿಕ್ಕ ಮುನ್ನೂರು ದಿನ ನೀವು ಈ ಹೆದ್ದಾರಿಯಲ್ಲೇ ಇರುತ್ತೀರಿ. ಅದಕ್ಕೇ ನನ್ನ ಮಾತು: 60 ಎಂಎಂ ಬೇಡ. 30-35 ಎಂಎಂ ಸಾಕು.

ನಲವತ್ತು ಕಡ್ಡಿಯ ಪಾಠ

ನಮ್ಮ ಊರುಗಳ ಹಳೆ ಕರಿ ಸೈಕಲ್ ನೋಡಿ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಹಿಂದೆ ಎರಡು ಹಾಲಿನ ಕ್ಯಾನ್ ನೇತು ಹಾಕಿದರೂ ಜಗ್ಗೋದಿಲ್ಲ. ಒಂದು ಕಡ್ಡಿ ಮುರಿದರೆ ಮಿಕ್ಕ 39 ಭಾರ ಹೊರುತ್ತವೆ, ಮನೆ ಮುಟ್ಟಬಹುದು. 20 ಕಡ್ಡಿಯ ರೇಸ್ ಗಾಲಿಯಲ್ಲಿ ಒಂದು ಹೋದರೆ ರಿಮ್ ಬೆಂಡಾಗಿ ಟೈರು ಫ್ರೇಮಿಗೆ ಉಜ್ಜಬಹುದು. ಆಗ ಹೆದ್ದಾರಿ ಪಕ್ಕ ನಿಂತು ಟಂಟಂ ಕಾಯಬೇಕು.

ಹಾಗಾಗಿ ನಿಮಗೆ ಮುಂದೆ 24, ಹಿಂದೆ 24 ಅಥವಾ 28 ಕಡ್ಡಿ ಇರುವ ಅಲ್ಯೂಮಿನಿಯಂ ಗಾಲಿ ಸರಿ. ಕಡ್ಡಿಯ ತುದಿ ಕೊಕ್ಕೆ ಹಾಗೆ ಬಾಗಿರೋದನ್ನೇ ಕೇಳಿ ತಗೊಳ್ಳಿ. ಅದು ಹಳೆ ಸೈಕಲ್ ಕಡ್ಡಿಯ ಜಾತಿಯದೇ. ಬೆಂಡ್ ತೆಗೆಯೋ ಕೈ ಇರುವ ಮೇಸ್ತ್ರಿ ನಮ್ಮ ಬಜಾರುಗಳಲ್ಲಿ ಈಗಲೂ ಇದ್ದಾರೆ. ಆದರೆ ಉದ್ದ, ದಪ್ಪ ಬೇರೆ ಇರೋದರಿಂದ ಗಾಲಿ ಕೊಳ್ಳುವಾಗಲೇ ಪ್ರತಿ ಉದ್ದದ ಎರಡೆರಡು ಕಡ್ಡಿ, ನಿಪ್ಪಲ್ ಸಮೇತ ಇಸಿದುಕೊಳ್ಳಿ. ಮುಂದಿನ ಗಾಲಿಗೂ ಹಿಂದಿನದಕ್ಕೂ, ಎಡಕ್ಕೂ ಬಲಕ್ಕೂ ಅಳತೆ ಬೇರೆ ಇರಬಹುದು.

ಟೈರಿನ ವಿಷಯದಲ್ಲೂ ಇದೇ ಎಚ್ಚರ. ಕರಿ ಸೈಕಲ್‌ನ 28 ಇಂಚಿನ ಟೈರು ಕೂರುವ ರಿಮ್ ವ್ಯಾಸ 635 ಎಂಎಂ. ನಿಮ್ಮ 700ಸಿ ಗಾಲಿಯದು 622 ಎಂಎಂ. ಕಣ್ಣಿಗೆ ಒಂದೇ ಥರ ಕಂಡರೂ ಕೂರೋದಿಲ್ಲ. ಮನೆಯಲ್ಲಿ ಒಂದು ಟೈರು, ಎರಡು ಟ್ಯೂಬ್ ಯಾವಾಗಲೂ ಇರಲಿ.

ಹವಾ ಹಾಕೋದು ಎಷ್ಟು?

"ಗಟ್ಟಿಯಾಗಿ ಹವಾ ಹಾಕಿದರೆ ಜೋರು ಓಡುತ್ತೆ" ಅನ್ನೋದು ಹಳೆ ನಂಬಿಕೆ. ರಸ್ತೆ ಕನ್ನಡಿ ಹಾಗೆ ಇದ್ದರೆ ಸರಿ. ತರಿತರಿ ಡಾಂಬರಿನ ಮೇಲೆ ಗಟ್ಟಿ ಟೈರು ಪುಟಿಯುತ್ತದೆ, ಆ ಪುಟಿತದಲ್ಲೇ ಶಕ್ತಿ ಪೋಲಾಗುತ್ತದೆ. ನಿಮ್ಮ ತೂಕಕ್ಕೆ 28 ಎಂಎಂ ಟೈರಿನಲ್ಲಿ 55-60 ಪಿಎಸ್‌ಐಯಿಂದ ಶುರು ಮಾಡಿ. ಹಿಂದಿನದಕ್ಕೆ ಎರಡು-ಮೂರು ಹೆಚ್ಚು ಇರಲಿ. ಟ್ಯೂಬ್ ಹಾಕಿ ಓಡಿಸುತ್ತಿದ್ದರೆ ಇನ್ನೈದು ಸೇರಿಸಿ.

ಈಗಿನ ಕೆಲವು ಗಾಲಿಗಳಿಗೆ ಟೈರಿನ ಅಂಚು ಹಿಡಿಯುವ ಕೊಕ್ಕೆಯೇ ಇರೋದಿಲ್ಲ. ಹುಕ್‌ಲೆಸ್ ಅಂತಾರೆ. ಅದಕ್ಕೆ ಟ್ಯೂಬ್‌ಲೆಸ್ ಟೈರೇ ಬೇಕು, ಗಾಲಿ ಕಂಪನಿ ಒಪ್ಪಿದ ಟೈರೇ ಆಗಬೇಕು, ಮತ್ತು ಒತ್ತಡ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟಬಾರದು. ದಾಟಿದರೆ ಟೈರು ರಿಮ್‌ನಿಂದ ಹಾರಿ ಹೋಗುವ ಅಪಾಯ. ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇರೋದು ಲಾರಿ ಟೈರಿಗೆ, ನಿಮ್ಮ ಟೈರಿಗಲ್ಲ. ಅದರಿಂದ ಅಂದಾಜಿನ ಮೇಲೆ ಹವಾ ಹೊಡೆಸಬೇಡಿ. ಮೀಟರ್ ಇರುವ ನೆಲದ ಪಂಪ್ ಮನೆಗೆ, ಸಣ್ಣ ಕೈಪಂಪ್ ಜೇಬಿಗೆ. ಸಾಧ್ಯವಾದರೆ ಕೊಕ್ಕೆ ಇರುವ ರಿಮ್ಮೇ ಆರಿಸಿ, ತಲೆನೋವು ಕಡಿಮೆ.

ನಮ್ಮ ಕಡೆ ಪಂಕ್ಚರ್‌ಗೆ ಎರಡು ಮುಖ್ಯ ಕಾರಣ: ಜಾಲಿ ಮುಳ್ಳು, ಮತ್ತೆ ಸಿಡಿದ ಲಾರಿ ಟೈರಿನಿಂದ ರಸ್ತೆ ಅಂಚಿಗೆ ಬಿದ್ದಿರುವ ಸಣ್ಣ ಉಕ್ಕಿನ ತಂತಿ. ಟ್ಯೂಬ್‌ಲೆಸ್ ಟೈರಿನೊಳಗೆ ಸೀಲೆಂಟ್ ಇದ್ದರೆ ಇಂಥ ಸಣ್ಣ ತೂತು ಹೆಚ್ಚಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ನಮ್ಮ ಬ್ಯಾಸಿಗೆಯಲ್ಲಿ ಸೀಲೆಂಟ್ ಬೇಗ ಒಣಗುತ್ತದೆ. ಮಾರ್ಚ್‌ನಿಂದ ಮೇ ತನಕ ತಿಂಗಳಿಗೊಮ್ಮೆ ತೆಗೆದು ನೋಡಿ.

ದುಡ್ಡು ಹೀಗೆ ಹಂಚಿ

ಮೊದಲು ಟೈರು. ಬೈಕ್ ಜೊತೆ ಬಂದ ಅಗ್ಗದ ಟೈರು ಬಿಟ್ಟು ಒಳ್ಳೆಯ ರೇಸ್ ಟೈರು ಹಾಕಿದರೆ ಜೋಡಿಗೆ ಹತ್ತು ವಾಟ್‌ಗೂ ಹೆಚ್ಚು ಉಳಿಯಬಹುದು. ಅಂದರೆ ಅಣ್ಣ ಹೇಳಿದ ಕಾರ್ಬನ್ ಗಾಲಿಯಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಖರ್ಚು ಹತ್ತು ಸಾವಿರದ ಆಸುಪಾಸು. ಗುಂಪಿನ ಹಿಂದೆ ಇದ್ದರೂ ಈ ಲಾಭ ಕಡಿಮೆಯಾಗೋದಿಲ್ಲ, ಯಾಕೆಂದರೆ ಟೈರು ಯಾವಾಗಲೂ ರಸ್ತೆಗೆ ಉಜ್ಜುತ್ತಲೇ ಇರುತ್ತದೆ.

ಎರಡನೆಯದು, ಈಗಿರುವ ಗಾಲಿಯ ಬೆಂಡ್ ತೆಗೆಸಿ, ಬೇರಿಂಗ್ ನೋಡಿಸಿ, ಅದರಲ್ಲೇ ಮೊದಲ ರೇಸ್ ಓಡಿಸಿ. ಸಂಘಟಕರ ನಿಯಮ ಪುಸ್ತಕವನ್ನೂ ಮುಂಚೆಯೇ ಓದಿ. ಕೆಲವು ಸ್ಪರ್ಧೆಗಳಲ್ಲಿ ಸಾದಾ ಸೈಕಲ್, ಗೇರ್ ಸೈಕಲ್ ವಿಭಾಗ ಬೇರೆ ಬೇರೆ ಇರುತ್ತವೆ.

ಮೂರನೆಯದು, ರೇಸ್ ಮುಗಿದ ಮೇಲೂ ಆಸೆ ಇದ್ದರೆ ಅಲ್ಯೂಮಿನಿಯಂ ಜೋಡಿ ಕೊಳ್ಳಿ. ಕೊಳ್ಳುವ ಮುಂಚೆ ನಾಲ್ಕು ಅಳತೆ ಬರೆದುಕೊಳ್ಳಿ: ಆಕ್ಸಲ್ 12 ಎಂಎಂ ಥ್ರೂ ಆಕ್ಸಲ್ ಹೌದೋ ಅಲ್ಲವೋ, ಹಬ್ ಅಗಲ ಮುಂದೆ 100 ಹಿಂದೆ 142 ಎಂಎಂ ಇದೆಯಾ, ಡಿಸ್ಕ್ ಕೂರೋದು ಸೆಂಟರ್‌ಲಾಕ್‌ನಲ್ಲೋ ಆರು ಬೋಲ್ಟ್‌ನಲ್ಲೋ, ನಿಮ್ಮ ಗೇರ್ ಕ್ಯಾಸೆಟ್ ಆ ಹಬ್‌ಗೆ ಕೂರುತ್ತದೋ ಇಲ್ಲವೋ. ಇದರಲ್ಲಿ ಒಂದು ತಪ್ಪಿದರೂ ಗಾಲಿ ಗೋಡೆಗೆ ನೇತು ಹಾಕೋದಕ್ಕೆ ಮಾತ್ರ.

ಉಳಿದ ದುಡ್ಡು ರೇಸ್‌ಗೆ ಹೋಗಿ ಬರೋದಕ್ಕೆ. ಬೀದರ್ ಜಿಲ್ಲೆಯಿಂದ ಬೆಂಗಳೂರು ಅಂದರೆ ಒಂದು ರಾತ್ರಿಯ ಪ್ರಯಾಣ. ಟಿಕೆಟ್, ಪ್ರವೇಶ ಶುಲ್ಕ, ಉಳಿಯೋ ಖರ್ಚು ಸೇರಿಸಿ ನೋಡಿ. ಬೆಂಗಳೂರಿನ ಹುಡುಗರಿಗೆ ಭಾನುವಾರ ಬೆಳಿಗ್ಗೆ ಎದ್ದು ಹೋದರೆ ರೇಸ್ ಸಿಗುತ್ತದೆ. ನಿಮಗೆ ಹಾಗಲ್ಲ. ನಿಮಗೆ ದುಬಾರಿಯಾಗಿರೋದು ಗಾಲಿಯಲ್ಲ, ಅನುಭವ. ಅದೇ 70 ಸಾವಿರದಲ್ಲಿ ಟೈರು ಬಂದು, ವರ್ಷಕ್ಕೆ ಮೂರ್ನಾಲ್ಕು ರೇಸೂ ಆಗುತ್ತದೆ. ಕಾರ್ಬನ್ ಗಾಲಿ ಮನೆಗೆ ಬಂದು ರೇಸ್‌ಗೆ ಹೋಗೋಕೆ ದುಡ್ಡಿಲ್ಲ ಅಂದರೆ ಏನು ಪ್ರಯೋಜನ?

ಕಾರ್ಬನ್ ಕೆಟ್ಟದ್ದು ಅಂತ ಅಲ್ಲ. ಮುಂದೆ ನೀವು ಒಬ್ಬರೇ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್ ಕಡೆ ಹೊರಳಿದರೆ 40-45 ಎಂಎಂ ಗಾಲಿ ಯೋಚಿಸಿ. ಆಗಲೂ ಅದನ್ನು ರೇಸ್ ದಿನಕ್ಕೆ ಇಟ್ಟು, ಹೆದ್ದಾರಿಗೆ ಹಳೆ ಜೋಡಿಯನ್ನೇ ಹಾಕಿ.

ಅಪ್ಪನಿಗೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ: ಟೈರಿಗೆ ಇಷ್ಟು, ಪ್ರಯಾಣಕ್ಕೆ ಇಷ್ಟು, ಗಾಲಿಗೆ ಆಮೇಲೆ ಇಷ್ಟು. ಸ್ಕೂಟರ್ ಮಾತಿನ ಹಿಂದೆ ಇರೋದು ದುಡ್ಡಿನ ಚಿಂತೆಗಿಂತ ಹೆದ್ದಾರಿಯ ಚಿಂತೆ ಇರಬಹುದು. ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್, ಕಬ್ಬಿನ ಹಂಗಾಮಿನಲ್ಲಿ ಕತ್ತಲಿರುವಾಗ ಹೊರಡೋದಿಲ್ಲ ಅನ್ನೋ ಮಾತು, ಇವೂ ಆ ಹಾಳೆಯಲ್ಲಿರಲಿ. ದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರು ಯಾವ ಗಾಲಿಯೂ ಕೆಲಸಕ್ಕೆ ಬರೋದಿಲ್ಲ ಅಂತ ಅವರಿಗೂ ಗೊತ್ತು, ನಿಮಗೂ ಗೊತ್ತು.

ಈ ವಾರ ಟೈರು ಆರ್ಡರ್ ಮಾಡಿ. ಗಾಲಿಯ ಮಾತನ್ನು ರೇಸ್ ಆದ ಮೇಲೆ ಆಡೋಣ.