ಚಂಡೆ ಹೆಚ್ಚಾಯಿತು ಎನ್ನುವ ಹಕ್ಕು

ಉತ್ತರ ಕನ್ನಡದ ಚಂದಗುಳಿಯ ಸುತ್ತಿನ ಊರುಗಳಲ್ಲಿ ರಾತ್ರಿ ಯಕ್ಷಗಾನದ ಆಟ ಮುಗಿಸಿ ಮನೆಗೆ ಹೊರಟವರ ಬಾಯಲ್ಲಿ ವೇಷದ ಮಾತು ಎಷ್ಟು ಬರುತ್ತದೆಯೋ ಹಿಮ್ಮೇಳದ ಮಾತೂ ಅಷ್ಟೇ ಬರುತ್ತದೆ. “ಪದ್ಯ ರಾಶಿ ಚೊಲೋ ಆತು ಭಾವಾ, ಆದ್ರೆ ಚಂಡೆ ಎದ್ದ ಮೇಲೆ ಮಾತೇ ಕೇಳಿದ್ದಿಲ್ಲೆ” ಎಂದು ಒಬ್ಬ ಅಂದರೆ, “ಚಂಡೇದು ತಪ್ಪಲ್ದೋ, ಮೈಕ್ ಇಟ್ಟವಂದು” ಎಂದು ಇನ್ನೊಬ್ಬ ತಿದ್ದುತ್ತಾನೆ. ಇಬ್ಬರೂ ಅಡಿಕೆ ತೋಟ ನೋಡಿಕೊಂಡಿರುವವರು. ಸಂಗೀತ ಕಲಿತವರಲ್ಲ, ರಾಗದ ಹೆಸರು ಕೇಳಿದರೆ ತಡವರಿಸುವವರು. ಆದರೂ “ನಿಮಗೇನು ಗೊತ್ತು” ಎಂದು ಅವರನ್ನು ಯಾರೂ ಕೇಳುವುದಿಲ್ಲ. ಭಾಗವತರೂ ಕೇಳುವುದಿಲ್ಲ.

ಇದೇ ಇಬ್ಬರು ಪೇಟೆಗೆ ಹೋಗಿ ಸಿನಿಮಾ ನೋಡಿ ಬಂದರೆ ಕಥೆಯ ಮಾತು, ನಟನ ಮಾತು, ಫೈಟಿನ ಮಾತು ಎಲ್ಲ ಆಗುತ್ತದೆ. ಸಂಗೀತಕ್ಕೆ ಬಂದಾಗ “ಹಾಡು ಅಡ್ಡಿಲ್ಲೆ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಎರಡೂವರೆ ತಾಸು ದೃಶ್ಯಗಳ ಬೆನ್ನಿಗೆ ನಿಂತು ದುಡಿದ ಹಿನ್ನೆಲೆ ಸಂಗೀತದ ಬಗ್ಗೆ ಒಂದು ಮಾತೂ ಇಲ್ಲ. ಅವರ ಮನೆಯ ಮಕ್ಕಳು ಹಾಗಲ್ಲ. ಅವರು ‘ಬಿಜಿಎಂ’ ಎನ್ನುತ್ತಾರೆ, ಅದನ್ನೇ ಹುಡುಕಿ ಫೋನಿನಲ್ಲಿ ಕೇಳುತ್ತಾರೆ, ಯಾವುದು ಮೇಲು ಎಂದು ಜಗಳವಾಡುತ್ತಾರೆ. ಈ ಜಗಳವನ್ನು ಹಿರಿಯರು ಹುಡುಗಾಟ ಎಂದು ತಳ್ಳಿಹಾಕುತ್ತಾರೆ, ಸಂಗೀತ ಬಲ್ಲವರು ಅಜ್ಞಾನ ಎನ್ನುತ್ತಾರೆ. ಸಂಗೀತ ಕಲಿಯದ ಪ್ರೇಕ್ಷಕನಿಗೆ ಹಿನ್ನೆಲೆ ಸಂಗೀತದ ಬಗ್ಗೆ ಅಭಿಪ್ರಾಯ ಹೇಳುವ ಅಧಿಕಾರ ಇದೆಯೇ? ಇದೆ ಎಂದಾದರೆ ಆ ಅಭಿಪ್ರಾಯಕ್ಕೆ ಬೆಲೆ ಬರುವುದು ಯಾವಾಗ? ಅಧಿಕಾರ ಇದೆ ಎಂಬುದು ನನ್ನ ವಾದ. ಬೆಲೆ ಬರುವ ದಾರಿಯನ್ನು ಆಟದ ಪ್ರೇಕ್ಷಕ ಎಂದೋ ತೋರಿಸಿಕೊಟ್ಟಿದ್ದಾನೆ ಎಂಬುದೂ ಅದರ ಜೊತೆಗೇ ಸೇರಿದ್ದು.

ಸಿನಿಮಾ ಸಂಗೀತದ ಮಾತು ಹಾಡಿಗೇ ನಿಂತುಹೋದದ್ದಕ್ಕೆ ಕಾರಣ ಪ್ರೇಕ್ಷಕನ ಕಿವಿಯಲ್ಲ, ವ್ಯಾಪಾರ. ಹಾಡು ಸಾಮಾನ್ಯವಾಗಿ ಚಿತ್ರೀಕರಣಕ್ಕೆ ಮೊದಲೇ ಸಿದ್ಧವಾಗುತ್ತದೆ, ಚಿತ್ರಕ್ಕಿಂತ ಮೊದಲೇ ಮಾರುಕಟ್ಟೆಗೆ ಬರುತ್ತದೆ. ಹಿನ್ನೆಲೆ ಸಂಗೀತ ಸಂಕಲನ ಮುಗಿದ ಮೇಲೆ, ಬಿಡುಗಡೆಯ ದಿನ ಹತ್ತಿರ ಬಂದಾಗ, ರೀರೆಕಾರ್ಡಿಂಗ್ ಎಂಬ ಹೆಸರಿನಲ್ಲಿ ಆಗುವ ಕೆಲಸ. ತಟ್ಟೆ, ಕ್ಯಾಸೆಟ್ಟುಗಳಲ್ಲಿ ಬಂದದ್ದು ಹಾಡು. ಆಕಾಶವಾಣಿಯಲ್ಲಿ ಬಂದದ್ದೂ ಹಾಡು. ಹಿನ್ನೆಲೆ ಸಂಗೀತ ಥಿಯೇಟರಿನಲ್ಲಿ ಕೇಳಿ ಅಲ್ಲಿಯೇ ಬಿಟ್ಟುಬರುವಂಥದ್ದಾಗಿತ್ತು. ಎರಡನೆಯ ಸಲ ಕೇಳಲು ಸಿಗದ್ದರ ಬಗ್ಗೆ ಚರ್ಚೆ ಬೆಳೆಯುವುದಿಲ್ಲ. ಹಾಡು ಬೇರೆ, ಹಿನ್ನೆಲೆ ಸಂಗೀತ ಬೇರೆ ಎಂಬುದು ಸರಕಾರಕ್ಕೂ ತಡವಾಗಿಯೇ ಹೊಳೆಯಿತು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಹಾಡುಗಳಿಗೆ ಒಂದು, ಹಿನ್ನೆಲೆ ಸಂಗೀತಕ್ಕೆ ಒಂದು ಎಂದು ನಿಯತವಾಗಿ ಕೊಡತೊಡಗಿದ್ದು 2009ರ ಚಿತ್ರಗಳಿಂದ. ಆ ವರ್ಷ ಮಲಯಾಳದ ‘ಪಳಶ್ಶಿ ರಾಜಾ’ದ ಹಿನ್ನೆಲೆ ಸಂಗೀತಕ್ಕೆ ಇಳಯರಾಜಾ ಪ್ರಶಸ್ತಿ ಪಡೆದರು.

ಈಗ ಹಿನ್ನೆಲೆ ಸಂಗೀತ ಕೈಗೆ ಸಿಗುತ್ತದೆ, ಅದರ ಜೊತೆಗೆ ಆಕ್ಷೇಪಗಳೂ ಬಂದಿವೆ. ಮೊದಲನೆಯದು, ತಿಳಿದವರು ಮಾತ್ರ ಮಾತಾಡಬೇಕು ಎಂಬುದು. ಶ್ರುತಿ, ಸ್ವರಮೇಳ, ವಾದ್ಯಗಳ ಜೋಡಣೆ ಗೊತ್ತಿಲ್ಲದವನು ‘ಚೆನ್ನಾಗಿದೆ’ ಅಂದರೆಷ್ಟು, ಬಿಟ್ಟರೆಷ್ಟು? ಇದರಲ್ಲಿ ಅರ್ಧ ಸತ್ಯವಿದೆ. ಯಾವ ವಾದ್ಯ ಯಾವ ಸ್ವರದಲ್ಲಿ ನುಡಿಯಿತು ಎಂಬುದನ್ನು ಬಲ್ಲವನೇ ಹೇಳಬೇಕು. ಆದರೆ ಹಿನ್ನೆಲೆ ಸಂಗೀತದ ಗುಣ ಸ್ವರದಲ್ಲಷ್ಟೇ ಇಲ್ಲ, ದೃಶ್ಯಕ್ಕೂ ಅದಕ್ಕೂ ಇರುವ ಹೊಂದಿಕೆಯಲ್ಲಿದೆ. ಆ ಹೊಂದಿಕೆಯನ್ನು ಅಳೆಯುವವನು ಎದುರಿಗೆ ಕೂತ ಪ್ರೇಕ್ಷಕ. ತಾಯಿ ಅಳುವಾಗ ಪಿಟೀಲು ಅವಳಿಗಿಂತ ಮೊದಲೇ ಅತ್ತುಬಿಟ್ಟರೆ ಅದು ಕೆಟ್ಟಿತು ಎಂದು ತಿಳಿಯಲು ಸ್ವರಜ್ಞಾನ ಬೇಕಾಗಿಲ್ಲ.

ಕಲಿಯದ ಕಿವಿ ಏನೂ ಗ್ರಹಿಸದು ಎನ್ನುವವರು ಒಮ್ಮೆ ಚಂದಗುಳಿಗೆ ಬರಬೇಕು. ಇಲ್ಲಿಯ ಗಂಟೆ ಗಣಪತಿಗೆ ಹರಕೆ ತೀರಿಸುವುದು ಗಂಟೆ ಕಟ್ಟಿ. ಅಂಗೈಯಲ್ಲಿ ಹಿಡಿಯುವಂಥವು, ಎರಡು ಕೈಯಲ್ಲಿ ಎತ್ತಬೇಕಾದಂಥವು, ಹೊಸ ಹೊಳಪಿನವು, ಕಪ್ಪಿಟ್ಟವು, ಎಲ್ಲ ಸಾಲಾಗಿ ತೂಗುತ್ತಿರುತ್ತವೆ. ಬಂದ ಮಕ್ಕಳು ಒಂದನ್ನು ಹೊಡೆದು ಸುಮ್ಮನಾಗುವುದಿಲ್ಲ. ಪಕ್ಕದ್ದನ್ನೂ ಹೊಡೆದು, ಯಾವುದರ ನಾದ ಹೆಚ್ಚು ಹೊತ್ತು ಉಳಿಯುತ್ತದೆ, ಯಾವುದು ತಗಡು ಬಡಿದಂತೆ ಕೂಡಲೇ ಸಾಯುತ್ತದೆ ಎಂದು ತಮ್ಮತಮ್ಮಲ್ಲೇ ತೀರ್ಮಾನಿಸುತ್ತಾರೆ. ಕಂಚಿನಲ್ಲಿ ತಾಮ್ರ ಎಷ್ಟು, ತವರ ಎಷ್ಟು ಎಂಬುದು ಆ ಮಕ್ಕಳಿಗೆ ಗೊತ್ತಿಲ್ಲ. ಆದರೆ ತೀರ್ಮಾನ ತಪ್ಪುವುದೂ ಅಪರೂಪ. ಕಾರಣ ಹೇಳುವುದು ವಿದ್ಯೆಯ ಕೆಲಸ, ವ್ಯತ್ಯಾಸ ಕೇಳಿಸಿಕೊಳ್ಳುವುದು ಕಿವಿಯ ಕೆಲಸ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಆಧಾರವೇ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಜಾಣತನದ್ದು. ಒಳ್ಳೆಯ ಹಿನ್ನೆಲೆ ಸಂಗೀತ ಗಮನಕ್ಕೇ ಬರಬಾರದು, ಗಮನಕ್ಕೆ ಬಂದರೆ ಅದು ಸೋತಂತೆ, ಹಾಗಿರುವಾಗ ಅಭಿಮಾನಿಗಳ ಹೊಗಳಿಕೆಯೇ ಅದರ ಸೋಲಿಗೆ ಸಾಕ್ಷಿ ಎಂಬ ವಾದ. ಯಕ್ಷಗಾನ ನೋಡಿದವನಿಗೆ ಈ ಮಾತು ಒಪ್ಪಿಗೆಯಾಗದು. ಅಲ್ಲಿ ಹಿಮ್ಮೇಳ ಮರೆಯಲ್ಲಿ ಕೂತಿರುವುದಿಲ್ಲ, ಕಣ್ಣೆದುರೇ ಕೂತಿರುತ್ತದೆ. ಭಾಗವತರ ಬಾಯಿ, ಮದ್ದಲೆಗಾರನ ಬೆರಳು, ಚಂಡೆಯ ಕೋಲು ಎಲ್ಲ ಕಾಣುತ್ತಿದ್ದರೂ ಪ್ರೇಕ್ಷಕ ದಮಯಂತಿಗಾಗಿ ಮರುಗುತ್ತಾನೆ. ಬಡಗಿನ ಹಿಮ್ಮೇಳದಲ್ಲಿ ವೀರರಸಕ್ಕೆ, ಯುದ್ಧಕ್ಕೆ, ಒಡ್ಡೋಲಗದ ಅಬ್ಬರಕ್ಕೆ ಚಂಡೆ ಬೇಕು. ಶೋಕದ ಪದ್ಯಕ್ಕೆ ಚಂಡೆ ಸುಮ್ಮನಾಗಿ ಮದ್ದಲೆಯಷ್ಟೇ ಉಳಿಯುತ್ತದೆ. ಚಂಡೆ ಇಲ್ಲದ ಆ ಹೊತ್ತನ್ನೂ ಪ್ರೇಕ್ಷಕ ಕೇಳಿಸಿಕೊಳ್ಳುತ್ತಾನೆ. ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರನ್ನು ಮೆಚ್ಚಿದವರು ಅವರ ಕಂಠವನ್ನಷ್ಟೇ ಮೆಚ್ಚಲಿಲ್ಲ. ಪಾತ್ರಕ್ಕೆ ಬೇಕಾದಷ್ಟು ಹಾಡಿ ವೇಷಧಾರಿಗೆ ಜಾಗ ಬಿಡುವ ಹದವನ್ನು ಮೆಚ್ಚಿದರು. ಗಮನಿಸುವುದಕ್ಕೂ ಮೈಮರೆಯುವುದಕ್ಕೂ ವೈರವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಿನಿಮಾದಲ್ಲೂ ಇದಕ್ಕೆ ಉದಾಹರಣೆಗಳಿವೆ. ಬಿ.ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ಯಲ್ಲಿ (1975) ದುಡಿಯ ಸದ್ದು ಹೊರಗಿನಿಂದ ತಂದು ಹಚ್ಚಿದ ಅಲಂಕಾರವಲ್ಲ. ಅದು ಚೋಮನದೇ ಕೈಯ ಸದ್ದು, ಅವನ ಸಿಟ್ಟು, ಅವನ ಸಂಕಟ. ಅದನ್ನು ಗಮನಿಸದೆ ಚಿತ್ರ ನೋಡಲು ಸಾಧ್ಯವೇ ಇಲ್ಲ. ಅದೇ ಕಾರಂತರು ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಎರಡು ಸಲ ರಾಷ್ಟ್ರಪ್ರಶಸ್ತಿ ಪಡೆದವರು. ಆದರೆ ಈ ಹೆಸರುಗಳನ್ನು ಸಂಗೀತದ ನೆಪದಲ್ಲಿ ನೆನೆಯುವವರು ಕಡಿಮೆ, ಏಕೆಂದರೆ ಹಾಡಿ ಗುನುಗುವಂಥದ್ದು ಅಲ್ಲಿ ಹೆಚ್ಚಿಲ್ಲ. ನಮ್ಮದೇ ಜಿಲ್ಲೆಯ ಹೊನ್ನಾವರದ ಕಡೆ ಹುಟ್ಟಿದ ಶಂಕರನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದರು. ಅದರ ಶೀರ್ಷಿಕೆಯ ರಾಗವನ್ನು ಮಾತಿಲ್ಲದೆ ಗುನುಗದ ಮನೆಯಿಲ್ಲ. ಗುನುಗುವವರಲ್ಲಿ ಎಲ್. ವೈದ್ಯನಾಥನ್ ಎಂಬ ಹೆಸರು ಹೇಳಬಲ್ಲವರು ಎಷ್ಟು ಮಂದಿ? ಚರ್ಚೆ ಇಲ್ಲದ ಕಡೆ ಕೃತಿ ಉಳಿದರೂ ಕರ್ತೃ ಮರೆತುಹೋಗುತ್ತಾನೆ. ಅಭಿಮಾನಿಗಳ ಮಾತಿನಿಂದ ಆಗುವ ಮೊದಲ ಉಪಕಾರ, ತೆರೆಯ ಹಿಂದೆ ದುಡಿದವನಿಗೆ ಹೆಸರು ಸಿಗುವುದು.

ಮೂರನೆಯ ಆಕ್ಷೇಪವನ್ನು ಮಾತ್ರ ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಇದೆಲ್ಲ ಸಂಗೀತದ ಚರ್ಚೆಯೇ ಅಲ್ಲ, ನಾಯಕನ ಜೈಕಾರ ಎಂಬುದು ಆ ಆಕ್ಷೇಪ. 2018ರಲ್ಲಿ ‘ಕೆಜಿಎಫ್’ ಬಂದ ಮೇಲೆ ರವಿ ಬಸ್ರೂರು ಅವರ ತಮಟೆ, ಕೋರಸ್, ಲೋಹದ ಗುಡುಗು ಊರೂರಿನ ಹುಡುಗರಿಗೆ ಬಾಯಿಪಾಠವಾಯಿತು. ಆ ಚಿತ್ರದ ಪ್ರಪಂಚಕ್ಕೆ ಆ ಅಬ್ಬರ ಒಪ್ಪುತ್ತದೆ. ಗಣಿಯ ಧೂಳಿನಲ್ಲಿ ಸಾವಿರಾರು ಕೂಲಿಗಳ ನಡುವೆ ಒಬ್ಬನನ್ನು ದೇವರ ಎತ್ತರಕ್ಕೆ ಏರಿಸುವ ಕಥೆಗೆ ವೀಣೆಯ ಎಳೆ ಸಾಲದು. ತೊಂದರೆ ಬಂದದ್ದು ಆಮೇಲೆ. ಬೇರೆ ಕಥೆಯ ಬೇರೆ ಚಿತ್ರಗಳಲ್ಲೂ ಅದೇ ಗುಡುಗನ್ನು ಬೇಡುವ ಪ್ರೇಕ್ಷಕ ಹುಟ್ಟಿಕೊಂಡ. “ಮೈ ಜುಮ್ಮೆಂದಿತು” ಎಂಬ ಒಂದೇ ಅಳತೆಗೋಲಿನಲ್ಲಿ ಎಲ್ಲವನ್ನೂ ಅಳೆದರೆ ಚರಣ್‌ರಾಜ್ ಸಂಗೀತದ ‘ಸಪ್ತ ಸಾಗರದಾಚೆ ಎಲ್ಲೋ’ದಂಥ ಮೆಲುದನಿಯ ಚಿತ್ರಕ್ಕೆ ಶೂನ್ಯ ಅಂಕ. ಮೈ ಜುಮ್ಮೆನ್ನುವುದು ಅಭಿಪ್ರಾಯದ ಆರಂಭ. ಯಾವ ದೃಶ್ಯದಲ್ಲಿ, ಏಕೆ ಎಂದು ಹೇಳಿದಾಗ ಅಭಿಪ್ರಾಯ ಪೂರ್ತಿಯಾಗುತ್ತದೆ.

ಆದರೆ ಅಭಿಮಾನವಿದ್ದ ಮಾತ್ರಕ್ಕೆ ಚರ್ಚೆ ಕೆಡಬೇಕೆಂದಿಲ್ಲ. 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಬಗ್ಗೆ ಬಡಗುತಿಟ್ಟಿನಲ್ಲಿ ನಡೆದ ವಾದವನ್ನು ನೆನೆಯಬಹುದು. ಹೊಸ ರಾಗ ತಂದರು, ಹೊಸ ಪ್ರೇಕ್ಷಕರನ್ನು ತಂದರು ಎಂದು ಒಂದು ಪಕ್ಷ. ಹಾಡುಗಾರಿಕೆ ಆಟವನ್ನೇ ನುಂಗಿತು, ಪರಂಪರೆಯ ಧಾಟಿ ಸಡಿಲವಾಯಿತು ಎಂದು ಇನ್ನೊಂದು ಪಕ್ಷ. ಎರಡೂ ಕಡೆ ಕಟ್ಟಾ ಅಭಿಮಾನಿಗಳೇ ಇದ್ದರು. ವಾದ ಮಾಡಬೇಕಾದರೆ ಇಂಥ ಪ್ರಸಂಗದ ಇಂಥ ಪದ್ಯ ಎಂದು ಹೆಸರಿಟ್ಟು ಹೇಳಬೇಕಾಗಿತ್ತು. ಕ್ಯಾಸೆಟ್ ಹಾಕಿ ಮತ್ತೆ ಕೇಳಬೇಕಾಗಿತ್ತು. ಆ ಜಗಳ ಸಾವಿರಾರು ಜನರ ಕಿವಿಯನ್ನು ಸೂಕ್ಷ್ಮ ಮಾಡಿತು. ಹಂಚಿಕೊಂಡ ಅಭಿಪ್ರಾಯಕ್ಕೂ ಒಬ್ಬನೇ ಇಟ್ಟುಕೊಂಡ ಇಷ್ಟಕ್ಕೂ ಇರುವ ವ್ಯತ್ಯಾಸ ಇದು. ಹಂಚಿಕೊಂಡದ್ದನ್ನು ಇನ್ನೊಬ್ಬ ತಿದ್ದಬಹುದು. “ಅಲ್ಲಿ ಚಂಡೆಯೇ ಇರಲಿಲ್ಲವಲ್ಲ” ಎಂದು ಪಕ್ಕದವನು ಹೇಳಿದಾಗಲೇ ನಾವು ಎರಡನೆಯ ಸಲ ನಿಜವಾಗಿ ಕೇಳುವುದು.

ಜನರ ಕಿವಿಯನ್ನು ಕಡೆಗಣಿಸುವಂತಿಲ್ಲ ಎಂದು ತೋರಿಸಿದ್ದು ‘ಕಾಂತಾರ’. 2022ರ ಸೆಪ್ಟೆಂಬರ್ 30ರಂದು ಚಿತ್ರ ಬಿಡುಗಡೆಯಾಯಿತು. ಅಜನೀಶ್ ಲೋಕನಾಥ್ ಸಂಯೋಜಿಸಿದ ‘ವರಾಹ ರೂಪಂ’ ಮನೆಮಾತಾಯಿತು. ಅಷ್ಟರಲ್ಲೇ ಕೇರಳದ ‘ತೈಕ್ಕುಡಂ ಬ್ರಿಡ್ಜ್’ ತಂಡದ ‘ನವರಸಂ’ ಕೇಳಿದ್ದವರು ಎರಡಕ್ಕೂ ಹೋಲಿಕೆ ಇದೆ ಎಂದು ಮಾತೆತ್ತಿದರು. ತಂಡದವರು ನ್ಯಾಯಾಲಯಕ್ಕೆ ಹೋದರು. ರಾಗದ ಕಾರಣಕ್ಕೆ ಹಾಗೆ ಕೇಳಿಸುತ್ತದೆ, ನಕಲಲ್ಲ ಎಂದು ಚಿತ್ರದವರು ಹೇಳಿದರು. ಕೋಯಿಕ್ಕೋಡಿನ ನ್ಯಾಯಾಲಯ ತಾತ್ಕಾಲಿಕವಾಗಿ ಹಾಡಿನ ಬಳಕೆ ತಡೆಯಿತು. ನವೆಂಬರಿನಲ್ಲಿ ಚಿತ್ರ ಒಟಿಟಿಗೆ ಬಂದಾಗ ಅದೇ ಸಾಹಿತ್ಯಕ್ಕೆ ಬೇರೆ ಮಟ್ಟು ಹಾಕಲಾಗಿತ್ತು. ಮುಂದೆ ಹಳೆಯ ರೂಪವೇ ಮರಳಿತು.

ಹಕ್ಕಿನ ತಕರಾರು ಕಾನೂನಿಗೆ ಬಿಟ್ಟದ್ದು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ನಡುವಿನ ಆ ಕೆಲವು ದಿನಗಳು. ಅದೇ ದೃಶ್ಯ, ಅದೇ ನಟ, ಅದೇ ಸಾಹಿತ್ಯ, ಬದಲಾದದ್ದು ಸಂಗೀತ ಮಾತ್ರ. ಮನೆಯಲ್ಲಿ ಕೂತು ನೋಡಿದ ಅನೇಕರು “ದೈವ ಮೈಮೇಲೆ ಬಂದಂತೆ ಆಗಲಿಲ್ಲ” ಎಂದರು. ಸಂಗೀತದಿಂದ ದೃಶ್ಯಕ್ಕೆ ಏನು ಬರುತ್ತದೆ ಎಂದು ತೋರಿಸಲು ಯಾವ ವಿದ್ವಾಂಸನೂ ಇಷ್ಟು ಅಚ್ಚುಕಟ್ಟಾದ ಪ್ರಯೋಗ ಹೂಡಲಾರ. ಇಲ್ಲಿ ಹೋಲಿಕೆ ಗುರುತಿಸಿದವರೂ, ಕೊರತೆ ಗುರುತಿಸಿದವರೂ ಹೆಚ್ಚಿನಂಶ ಸಾಮಾನ್ಯ ಕೇಳುಗರೇ.

ಇನ್ನು ಫೋನಿನಲ್ಲಿ ಹಿನ್ನೆಲೆ ಸಂಗೀತವನ್ನಷ್ಟೇ ಕೇಳುವ ಅಭ್ಯಾಸದ ಮಾತು. 1983ರ ‘ಪಲ್ಲವಿ ಅನುಪಲ್ಲವಿ’ಗೆ ಇಳಯರಾಜಾ ಮಾಡಿದ ಒಂದು ಮಟ್ಟು ಎಷ್ಟೋ ವರ್ಷಗಳ ಮೇಲೆ ಮೊಬೈಲ್ ಕಂಪನಿಯ ಜಾಹೀರಾತಿಗೆ ಬಂತು. ಮಣಿರತ್ನಂ ಅವರ ಆ ಮೊದಲ ಚಿತ್ರವನ್ನು ನೋಡದವರೂ ಅದನ್ನು ಗುರುತಿಸಬಲ್ಲರು. ದೃಶ್ಯದಿಂದ ಬಿಡಿಸಿದರೂ ಅದು ಚೆಲುವಾಗಿಯೇ ಇದೆ. ಆದರೆ ಬಿಡಿಯಾಗಿ ಕೇಳಿ ಚೆನ್ನಾಗಿದೆ ಎನ್ನುವುದು ಒಂದು ಮಾತು, ಚಿತ್ರಕ್ಕೆ ಚೆನ್ನಾಗಿ ಒದಗಿತು ಎನ್ನುವುದು ಇನ್ನೊಂದು ಮಾತು. ಫೋನಿನಲ್ಲಿ ಸಪ್ಪೆಯಾಗಿ ಕೇಳುವ ನಾಲ್ಕು ಸ್ವರ ತೆರೆಯ ಮೇಲೆ ಕಣ್ಣೀರು ತರಿಸಬಹುದು. ಫೋನಿನಲ್ಲಿ ಕುಣಿಸುವ ಸಂಗೀತ ತೆರೆಯ ಮೇಲೆ ಮಾತನ್ನೇ ಕೊಲ್ಲಬಹುದು. ಇಂದಿನ ಬಹಳಷ್ಟು ಜಗಳ ಹುಟ್ಟುವುದು ಈ ಎರಡನ್ನು ಬೆರೆಸುವುದರಿಂದ. ಯಾವುದರ ಬಗ್ಗೆ ಹೇಳುತ್ತಿದ್ದೇವೆ ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ನಮ್ಮ ಹುಡುಗರ ಚರ್ಚೆಯಲ್ಲಿ ಇರುವ ದೊಡ್ಡ ಕೊರತೆ ಸ್ವರಜ್ಞಾನದ್ದಲ್ಲ. ಸಂಗೀತ ಎಲ್ಲಿ ನಿಲ್ಲಬೇಕಿತ್ತು ಎಂಬ ಮಾತೇ ಅಲ್ಲಿ ಬರುವುದಿಲ್ಲ. ಆಟದ ಪ್ರೇಕ್ಷಕ ಆ ಮಾತನ್ನು ಮೊದಲು ಎತ್ತುತ್ತಾನೆ. ವೇಷಕ್ಕೆ ಜಾಗ ಸಿಕ್ಕಿತೇ, ಅರ್ಥ ಕೇಳಿಸಿತೇ, ಭಾಗವತರು ಎಳೆದದ್ದು ಹೆಚ್ಚಾಯಿತೇ ಎಂಬ ಮೂರು ಪ್ರಶ್ನೆಗಳನ್ನು ಹಾಗೆಯೇ ಥಿಯೇಟರಿಗೆ ಒಯ್ದರೆ ಸಾಕು. ನಟನಿಗೆ ಜಾಗ ಸಿಕ್ಕಿತೇ, ಮಾತು ಕೇಳಿಸಿತೇ, ಸಂಗೀತ ಎಳೆದದ್ದು ಹೆಚ್ಚಾಯಿತೇ? ಸಂಗೀತ ನಿರ್ದೇಶಕರಿಗೆ ಜೈಕಾರಕ್ಕಿಂತ ಈ ಪ್ರಶ್ನೆಗಳಿಂದಲೇ ಹೆಚ್ಚು ಉಪಯೋಗ. ಜೈಕಾರ ಕೇಳಿದವನು ಮುಂದಿನ ಚಿತ್ರದಲ್ಲಿ ಅದೇ ಗುಡುಗನ್ನು ಮತ್ತೆ ಕೊಡುತ್ತಾನೆ, ಪ್ರಶ್ನೆ ಎದುರಿಸಿದವನು ಹೊಸದನ್ನು ಹುಡುಕುತ್ತಾನೆ.

ಆದ್ದರಿಂದ ಹಿರಿಯರು ಹುಡುಗರ ಬಿಜಿಎಂ ಜಗಳಕ್ಕೆ ಮೂಗು ಮುರಿಯುವುದನ್ನು ಬಿಟ್ಟು ಅದರೊಳಗೆ ಕೂರಬೇಕು, ತಾವು ಆಟದಲ್ಲಿ ಕಲಿತ ಕಿವಿಯನ್ನು ಅವರಿಗೆ ಕೊಡಬೇಕು. ಹುಡುಗರು ನಾಯಕನ ಹೆಸರನ್ನು ಸ್ವಲ್ಪ ಹೊತ್ತು ಬದಿಗಿಟ್ಟು ದೃಶ್ಯದ ಹೆಸರು ಹೇಳಿ ವಾದ ಮಾಡಬೇಕು. ಮುಂದಿನ ಸಲ ಸಿನಿಮಾ ನೋಡಿ ಬರುವಾಗ ದಾರಿಯಲ್ಲಿ ಒಂದೇ ಒಂದು ದೃಶ್ಯ ಆರಿಸಿಕೊಂಡು ಅಲ್ಲಿ ಸಂಗೀತ ಏನು ಮಾಡಿತು ಎಂದು ಪಕ್ಕದವರನ್ನು ಕೇಳಿ, ನಿಮ್ಮದನ್ನೂ ಹೇಳಿ. ಅವರು ಒಪ್ಪದಿದ್ದರೆ ಇನ್ನೂ ಒಳ್ಳೆಯದು.