60 ರೂಪಾಯಿಗೆ ಒಂದು ನಕ್ಷತ್ರ

ತಿಪಟೂರಿನಲ್ಲಿ ನಾನು ಬಸ್ಸು ಕಾಯುವ ಕಡೆ ಒಂದು ಮೋಮೋ ಅಂಗಡಿಯಿದೆ. ಒಂದು ಶಟರ್, ಮುಂದೊಂದು ಮೇಜು, ಅದರ ಮೇಲೆ ಮೂರು ಅಂತಸ್ತಿನ ಅಲ್ಯೂಮಿನಿಯಂ ಪಾತ್ರೆ. ಬೋರ್ಡಿನ ಮೇಲೆ ‘ಡಿಮ್ ಸಮ್, ಮೋಮೋಸ್, ಪಾರ್ಸೆಲ್ ಮಾತ್ರ’ ಎಂದು ಬರೆದಿದೆ. ಎಂಟು ಪೀಸಿಗೆ 60 ರೂಪಾಯಿ. ನಡೆಸುವವರು ಡಾರ್ಜಿಲಿಂಗ್ ಕಡೆಯ ಅಣ್ಣತಮ್ಮಂದಿರು. ಸಂಜೆ ಐದರ ಮೇಲೆ ಕಾಲೇಜು ಹುಡುಗಿಯರು, ಆಟೋದವರು, ಮಂಡಿಯ ಹಮಾಲರು ಸಾಲಾಗಿ ನಿಂತಿರುತ್ತಾರೆ.

ಈ ಅಂಗಡಿಯ ಬಗ್ಗೆ ಫೋನಿನ ನಕ್ಷೆಯಲ್ಲಿ ಗಿರಾಕಿಗಳು ಬರೆದಿರುವ ಅಭಿಪ್ರಾಯಗಳನ್ನು ನಾನು ಒಂದು ಸಂಜೆ ಪೂರ್ತಿ ಓದಿದೆ. ‘ಹಿಟ್ಟು ರಬ್ಬರು.’ ‘ಒಳಗೆ ಏನು ತುಂಬಿದ್ದಾರೋ ದೇವರಿಗೇ ಗೊತ್ತು.’ ‘ಟೇಸ್ಟಿಂಗ್ ಪೌಡರ್ ಸುರೀತಾರೆ, ತಲೆನೋವು ಗ್ಯಾರಂಟಿ.’ ‘ಕೂರೋಕೆ ಜಾಗ ಇಲ್ಲ’ (ಪಾರ್ಸೆಲ್ ಮಾತ್ರ ಎಂದು ಬೋರ್ಡಿನಲ್ಲೇ ಇದೆ, ಮಾರಾಯರೆ). ‘ಇವರನ್ನೆಲ್ಲ ಊರೊಳಗೆ ಬಿಟ್ಟುಕೊಂಡಿದ್ದೇ ತಪ್ಪು.’ ಈ ಕೊನೆಯದಕ್ಕೆ ಮೋಮೋದ ಜೊತೆ ಏನು ಸಂಬಂಧವೋ ತಿಳಿಯದು, ಆದರೆ ಅದಕ್ಕೂ ಒಂದು ನಕ್ಷತ್ರ ಬಿದ್ದಿದೆ.

ಇವೆಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಪಡೆದದ್ದು ಇದು: ‘ಕಡುಬು ಸತ್ತು, ಅದಕ್ಕೆ ಬಿಳಿ ಬಟ್ಟೆ ಸುತ್ತಿ, 60 ರೂಪಾಯಿಗೆ ಕೈಗೆ ಕೊಡುತ್ತಾರೆ.’ ಎರಡು ವರ್ಷದ ಹಿಂದೆ ಅದನ್ನು ಬರೆದವಳು ನಾನೇ.

ಆ ದಿನ ಏನಾಗಿತ್ತೆಂದು ಮೊದಲು ಹೇಳುತ್ತೇನೆ. ಪಾರ್ಸೆಲ್ ಕಟ್ಟಿಸಿಕೊಂಡು ತುರುವೇಕೆರೆಯ ಬಸ್ಸು ಹತ್ತಿದೆ. ಬಸ್ಸು ಹೊರಡಲು ತಡವಾಯಿತು, ಆಮೇಲೆ ದಾರಿ ಬೇರೆ. ಮನೆಗೆ ಹೋಗಿ ಪೊಟ್ಟಣ ಬಿಚ್ಚುವಾಗ ಮುಕ್ಕಾಲು ಗಂಟೆಯ ಮೇಲಾಗಿತ್ತು. ಆವಿಯಲ್ಲಿ ಬೆಂದದ್ದನ್ನು ಬಿಸಿಬಿಸಿಯಾಗಿಯೇ ಡಬ್ಬಿಯಲ್ಲಿಟ್ಟು ಬಾಯಿ ಮುಚ್ಚಿದರೆ ಒಳಗಿನ ಹಬೆ ನೀರಾಗಿ ಅದರ ಮೇಲೆಯೇ ಸುರಿಯುತ್ತದೆ. ಮೈದಾದ ಹೊದಿಕೆ ನೆನೆದು ಒಂದಕ್ಕೊಂದು ಅಂಟುತ್ತದೆ, ತಣ್ಣಗಾದಂತೆ ಬಿಗಿಯುತ್ತದೆ. ಹಾಂಗ್‌ಕಾಂಗಿನವರು ಡಿಮ್ ಸಮ್ಮಿಗೆ ಬಿದಿರಿನ ಬುಟ್ಟಿ ಬಳಸುವುದರ ಹಿಂದೆ ಒಂದು ಉಪಯೋಗವೂ ಇದೆ: ಬಿದಿರು ಹೆಚ್ಚಿನ ತೇವವನ್ನು ಹೀರಿಕೊಳ್ಳುತ್ತದೆ, ಮುಚ್ಚಳದಿಂದ ಹನಿ ತೊಟ್ಟಿಕ್ಕುವುದಿಲ್ಲ. ನಮ್ಮ ಅಜ್ಜಿ ಗೌರಿ ಹಬ್ಬದಲ್ಲಿ ಕಾಯಿಕಡುಬು ಬೇಯಿಸುವಾಗ ಕೆಳಗೆ ಬಾಳೆ ಎಲೆ, ಮೇಲೆ ಬಟ್ಟೆ ಹಾಕುತ್ತಿದ್ದುದೂ ಅದಕ್ಕೇ. ಹಾಗಾಗಿ ನಾನು ಬರೆದ ಅಭಿಪ್ರಾಯ ಮೋಮೋದ ಬಗ್ಗೆ ಇರಲೇ ಇಲ್ಲ, ತುರುವೇಕೆರೆ ಬಸ್ಸಿನ ಬಗ್ಗೆ ಇತ್ತು. ಆದರೆ ಬಸ್ಸಿನ ಮೇಲೆ ಬರೆದರೆ ಯಾರು ನಗುತ್ತಾರೆ?

ನನ್ನ ತಕರಾರು ಇಷ್ಟೇ. ಅಗ್ಗದ ತಿಂಡಿಯ ಮೇಲೆ ಓದಿಕೊಂಡ ನಾವು ಬರೆಯುವ ಬಹುಪಾಲು ಅಭಿಪ್ರಾಯಗಳು ರುಚಿಯ ಬಗ್ಗೆ ಇರುವುದಿಲ್ಲ. ಬೆಲೆಯ ಮೇಲಿನ ಅಸಡ್ಡೆ, ಮಾರುವವರ ಮುಖದ ಮೇಲಿನ ಅನುಮಾನ, ನಮ್ಮ ಮಾತಿನ ಚಮತ್ಕಾರದ ಮೇಲಿನ ಮೋಹ, ಈ ಮೂರನ್ನೂ ಕಲಸಿ ‘ಗಿರಾಕಿಯ ಹಕ್ಕು’ ಎಂದು ಕರೆಯುತ್ತಿದ್ದೇವೆ.

‘ದುಡ್ಡು ಕೊಟ್ಟವನು ಹೇಳಬಾರದೇ?’ ಎಂದು ಗೆಳೆಯರು ಕೇಳುತ್ತಾರೆ. ಹೇಳಬೇಕು. ಬೀದಿಯ ತಿಂಡಿಯಿಂದ ಜೀವಕ್ಕೇ ಕುತ್ತಾಗುವುದುಂಟು. 2024ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಮೋಮೋ ತಿಂದ ಹಲವರು ಆಸ್ಪತ್ರೆ ಸೇರಿ, ಒಬ್ಬ ಮಹಿಳೆ ತೀರಿಕೊಂಡರು. ಆ ಬಳಿಕ ತೆಲಂಗಾಣ ಸರ್ಕಾರ ಹಸಿ ಮೊಟ್ಟೆಯ ಮಯೋನೀಸನ್ನು ಒಂದು ವರ್ಷ ನಿಷೇಧಿಸಿತು. ಅದೇ ವರ್ಷದ ಮಾರ್ಚಿನಲ್ಲಿ ನಮ್ಮ ಆರೋಗ್ಯ ಇಲಾಖೆ 171 ಗೋಬಿ ಮಂಚೂರಿ ಮಾದರಿಗಳನ್ನು ಪರೀಕ್ಷಿಸಿದಾಗ ನೂರಕ್ಕೂ ಹೆಚ್ಚರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತು, ಕೃತಕ ಬಣ್ಣ ನಿಷೇಧವಾಯಿತು. ಇವೆರಡೂ ಸರಿಯಾದ ಕ್ರಮಗಳೇ. ಆದರೆ ಗಮನಿಸಿ, ಇಲ್ಲಿ ಇಲಾಖೆಯವರು ‘ಗೋಬಿ ಕೆಟ್ಟದ್ದು’ ಎಂದು ಹೇಳಲಿಲ್ಲ. ಯಾವ ಬಣ್ಣ, ಎಷ್ಟು ಮಾದರಿ ಎಂದು ಹೇಳಿದರು. ದೂರು ಎಂದರೆ ಅದು. ಅಂಗಡಿಯವನು ಅದನ್ನು ತಿದ್ದಿಕೊಳ್ಳಬಹುದು. ‘ಕಡುಬಿನ ಹೆಣ’ವನ್ನು ಅವನು ಹೇಗೆ ತಿದ್ದಿಕೊಳ್ಳಬೇಕು?

ಇನ್ನೊಂದು ಲೆಕ್ಕ ನೋಡಿ. 2025ರ ಫೆಬ್ರುವರಿಯಲ್ಲಿ ಅದೇ ಇಲಾಖೆ ಇಡ್ಲಿಯ 251 ಮಾದರಿ ತೆಗೆದುಕೊಂಡು, 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯಿಸುತ್ತಿದ್ದುದನ್ನು ಪತ್ತೆ ಮಾಡಿತು. ಅಂದರೆ ಸುಮಾರು ಐದರಲ್ಲಿ ಒಂದು. ಅವತ್ತು ಯಾರಾದರೂ ‘ಇಡ್ಲಿಯವರನ್ನು ಊರೊಳಗೆ ಬಿಟ್ಟುಕೊಂಡಿದ್ದೇ ತಪ್ಪು’ ಎಂದು ಬರೆದರೇ? ಇಡ್ಲಿಯಲ್ಲಿ ತಪ್ಪಾದರೆ ಅದು ಒಂದು ಹೋಟೆಲಿನ ತಪ್ಪು. ಮೋಮೋದಲ್ಲಿ ತಪ್ಪಾದರೆ ಅದು ಒಂದು ಜನಾಂಗದ ತಪ್ಪು.

ಟೇಸ್ಟಿಂಗ್ ಪೌಡರಿನ ಕಥೆಯೂ ಇಂಥದ್ದೇ. ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಕಡಲ ಸಸ್ಯವೊಂದರಿಂದ ಬೇರ್ಪಡಿಸಿದ ರುಚಿ ಅದು. ನಾವು ದಿನಾ ಸಾರಿಗೆ ಹಿಚುಕುವ ಟೊಮೆಟೊದಲ್ಲೂ ಅದೇ ಗ್ಲುಟಮೇಟ್ ಸಹಜವಾಗಿಯೇ ಇದೆ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ರಾಬರ್ಟ್ ಹೋ ಮನ್ ಕ್ವೋಕ್ ಎಂಬ ವೈದ್ಯರು ಪತ್ರ ಬರೆದು, ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕುತ್ತಿಗೆ ಜೋಮು ಹಿಡಿಯುತ್ತದೆ, ಕಾರಣ ಸೋಯಾ ಸಾಸೋ, ಅಡುಗೆಗೆ ಹಾಕುವ ಮದ್ಯವೋ, ಉಪ್ಪೋ, ಈ ಪುಡಿಯೋ ಎಂದು ಕೇಳಿದರು. ಅವರು ಕೇಳಿದ್ದು ಪ್ರಶ್ನೆ. ಪತ್ರಿಕೆ ಅದಕ್ಕೆ ‘ಚೀನೀ ಹೋಟೆಲ್ ರೋಗ’ ಎಂಬ ಅರ್ಥದ ತಲೆಬರಹ ಕೊಟ್ಟಿತು. ಮುಂದೆ ತಿನ್ನುವವರಿಗೂ ಕೊಡುವವರಿಗೂ ಯಾವುದರಲ್ಲಿ ಪುಡಿಯಿದೆ ಎಂದು ತಿಳಿಯದಂತೆ ನಡೆಸಿದ ಪರೀಕ್ಷೆಗಳಲ್ಲಿ ಆ ತೊಂದರೆ ಖಚಿತವಾಗಿ ಮರುಕಳಿಸಲಿಲ್ಲ. ಅಷ್ಟರಲ್ಲಿ ತಲೆಬರಹ ತಿಪಟೂರಿಗೂ ಬಂದು ತಲುಪಿತ್ತು. ಒಂದು ಗಿರಾಕಿಯ ಅಭಿಪ್ರಾಯಕ್ಕೆ ಎಷ್ಟು ಆಯುಸ್ಸು ನೋಡಿ.

ಕೆಲವೊಮ್ಮೆ ಇಂಥ ಮಾತಿಗೆ ಕಾಲೂ ಬರುತ್ತದೆ. 2012ರ ಆಗಸ್ಟಿನಲ್ಲಿ ನಾನಿನ್ನೂ ಹೈಸ್ಕೂಲು. ಫೋನಿನಿಂದ ಫೋನಿಗೆ ಹರಿದ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆ ವದಂತಿ ಮೋಮೋದ ಮೇಲಿನದಲ್ಲ ನಿಜ. ಆದರೆ ‘ಇವರನ್ನೆಲ್ಲ’ ಎನ್ನುವ ಪದ ಅಲ್ಲೂ ಇತ್ತು, ಇಲ್ಲೂ ಇದೆ. ಮೋಮೋ ನಮಗೆ ಹೊರಗಿನದು ಎನ್ನುವವರು ಬೈಲುಕುಪ್ಪೆಯನ್ನಾದರೂ ನೆನೆಯಬೇಕು. ಮೈಸೂರು ಸರ್ಕಾರ ಕೊಟ್ಟ ನೆಲದಲ್ಲಿ ಟಿಬೆಟನ್ನರು ಅಲ್ಲಿ ನೆಲೆಸಲು ಶುರುಮಾಡಿದ್ದು 1961ರಲ್ಲಿ. ಅವರ ಮನೆಯಡುಗೆಯಾದ ಮೋಮೋ ಈ ರಾಜ್ಯದ ನೆಲದಲ್ಲಿ ನನ್ನ ಅಪ್ಪನಿಗಿಂತ ಹಿರಿಯ.

ಇಷ್ಟೆಲ್ಲ ಹೇಳುವ ನಾನು ಓದುತ್ತಿರುವುದು ಕಾವ್ಯಮೀಮಾಂಸೆ. ನಗಬೇಡಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ ಬರೆದರು, ನಮ್ಮ ಕಡೆಯವರು ಎಂಬ ಹೆಮ್ಮೆಯಿಂದಲೇ ನಾನು ಈ ವಿಷಯಕ್ಕೆ ಬಿದ್ದೆ. ರಸ ಎಂದರೇನು ಎಂದು ವಿವರಿಸಲು ಭರತ ಹಿಡಿದದ್ದು ಊಟದ ಹೋಲಿಕೆಯನ್ನೇ: ನಾನಾ ವ್ಯಂಜನಗಳಿಂದ ಸಂಸ್ಕಾರಗೊಂಡ ಅನ್ನವನ್ನು ಒಳ್ಳೆಯ ಮನಸ್ಸಿನವರು ಉಂಡು ಹೇಗೆ ಸವಿಯುತ್ತಾರೋ, ಪ್ರೇಕ್ಷಕರೂ ಹಾಗೆ. ತಿನ್ನುವವನ ಮನಸ್ಸಿನ ಮೇಲೂ ಒಂದು ಷರತ್ತು ಅಲ್ಲಿದೆ. ಅಡುಗೆಯವನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವ ಶಾಸ್ತ್ರ ಅದಲ್ಲ. ಸಹೃದಯ ಎಂಬ ಪದದ ಮೇಲೆ ಐವತ್ತು ಪುಟ ಬರೆದಿಟ್ಟವಳು ಬಸ್ಸಿನಲ್ಲಿ ಕೂತು ಕಡುಬಿನ ಹೆಣ ಎಂದು ಕುಟ್ಟಿದೆ. ಪುಸ್ತಕಗಳಿಗೂ ನಾವು ಈಗ ಮಾಡುತ್ತಿರುವುದು ಹೆಚ್ಚುಕಡಿಮೆ ಇದೇ. ಒಂದು ಕಥಾಸಂಕಲನವನ್ನು ಅರ್ಧ ಓದಿ ಒಂದು ಸಾಲಿನಲ್ಲಿ ಮುಗಿಸುವವರ ಪಟ್ಟಿ ನನ್ನ ಹತ್ತಿರವಿದೆ, ಇಲ್ಲಿ ಬೇಡ.

ಹಾಂಗ್‌ಕಾಂಗಿನಲ್ಲಿ 2009ರಲ್ಲಿ ಟಿಮ್ ಹೋ ವಾನ್ ಎಂಬ ಚಿಕ್ಕ ಡಿಮ್ ಸಮ್ ಅಂಗಡಿ ತೆರೆಯಿತು. ವರ್ಷ ಕಳೆಯುವುದರೊಳಗೆ ಮಿಶೆಲಿನ್ ಕೈಪಿಡಿಯ ಒಂದು ನಕ್ಷತ್ರ ಸಿಕ್ಕಿತು. ಬೆಲೆ ಅಗ್ಗವಾಗಿಯೇ ಇತ್ತು. ಅವರಲ್ಲಿ ಒಂದು ನಕ್ಷತ್ರವೆಂದರೆ ಮರ್ಯಾದೆ, ನಮ್ಮ ಫೋನಿನಲ್ಲಿ ಒಂದು ನಕ್ಷತ್ರವೆಂದರೆ ಚಪ್ಪಲಿ ಏಟು. ಮಿಶೆಲಿನ್ ಪರಿಶೀಲಕರು ಹೆಸರು ಹೇಳದೆ ಹೋಗಿ, ದುಡ್ಡು ಕೊಟ್ಟು ತಿನ್ನುತ್ತಾರೆ. ಆ ಕೈಪಿಡಿಯ ಮೇಲೂ ಬೇಕಾದಷ್ಟು ಆಕ್ಷೇಪಗಳಿವೆ, ನನಗೂ ಇವೆ. ಆದರೂ ಕೂತು ಬಿಸಿಯಾಗಿ ತಿಂದ ಮೇಲೆ ಹೇಳಬೇಕು ಎಂಬ ಸಣ್ಣ ನಿಯತ್ತು ಅಲ್ಲಿದೆ.

ನಿಯತ್ತಿಲ್ಲದ ತೀರ್ಪು ಏನು ಮಾಡುತ್ತದೆಂದು ತೆಂಗಿನ ಸೀಮೆಯವರಾದ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಕಾಯಿ ಇಳಿಸಿ ಅಟ್ಟದ ಮೇಲೆ ಹಾಕಿದರೆ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ. ನೀರು ಇಂಗಬೇಕು, ಗಿಟಕು ಒಳಗೇ ಬಿಡಿಸಿಕೊಂಡು ಅಲ್ಲಾಡಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಚೀಲ ತುಂಬಿ ತಿಪಟೂರಿನ ಎಪಿಎಂಸಿಗೆ ತಂದರೆ, ನಾಲ್ಕು ಉಂಡೆ ಕೈಗೆತ್ತಿಕೊಂಡು ನೋಡಿದವರು ‘ಸಣ್ಣದು’, ‘ಕೌಟು’, ‘ತೇವ ಇದೆ’ ಎನ್ನುತ್ತಾರೆ. ಒಂದು ವರ್ಷಕ್ಕೆ ಒಂದು ಪದ. ನುಸಿ ಬಿದ್ದ ತೋಟದಲ್ಲಿ ಕಾಯಿ ಸಣ್ಣದಾಗದೆ ಇನ್ನೇನಾಗುತ್ತದೆ? 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಧಾರಣೆ 9,000ದ ಆಸುಪಾಸಿಗೆ ಕುಸಿದಿತ್ತು. ಖರೀದಿ ಕೇಂದ್ರದಲ್ಲಿ ಗುಣಮಟ್ಟ ಸಾಲದೆಂದು ವಾಪಸ್ಸಾದ ಚೀಲಗಳ ಪಕ್ಕ ನಮ್ಮಪ್ಪ ಕೂತಿದ್ದನ್ನು ನಾನು ನೋಡಿದ್ದೇನೆ. ಅವತ್ತು ಅವರು ಹೇಳಿದ್ದು, ‘ಬ್ಯಾಡ ಅಂದ್ರೆ ಬ್ಯಾಡ ಅನ್ಲಿ ಕಣಮ್ಮ, ಎಲ್ಲಿ ಕೆಟ್ಟೈತೆ ಅಂತ ತೋರುಸ್ಬೇಕಲ್ವಾ?’ 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಆಗ ಸಣ್ಣದೂ ಹೋಯಿತು.

ಅಪ್ಪ ಕೇಳಿದ ಪ್ರಶ್ನೆಯನ್ನೇ ಆ ಡಾರ್ಜಿಲಿಂಗಿನ ಹುಡುಗ ನನಗೆ ಕೇಳಿದ. ಕಳೆದ ತಿಂಗಳು ಮಳೆ ಬಂದು ಬಸ್ಸು ತಪ್ಪಿ, ಅವನ ಶಟರಿನ ಕೆಳಗೆ ನಿಂತಿದ್ದೆ. ಕೈಯಲ್ಲಿ ಪುಸ್ತಕ ಕಂಡಿರಬೇಕು. ‘ಅಕ್ಕಾ, ಕನ್ನಡ ಓದ್ತೀರಾ?’ ಎಂದು ಫೋನು ಮುಂದೆ ಹಿಡಿದ. ಕನ್ನಡ ಮಾತಾಡುತ್ತಾನೆ, ಓದಲು ಬರದು. ಯಂತ್ರ ಅನುವಾದ ಮಾಡಿ ನೋಡಿದ್ದಾನೆ, ಹೆಣ, ಬಟ್ಟೆ ಎಂದೇನೋ ಬರುತ್ತದಂತೆ, ಅರ್ಥವಾಗಿಲ್ಲ. ‘ತುಂಬಾ ಜನ ಲೈಕ್ ಮಾಡಿದ್ದಾರೆ. ಏನು ಸರಿಮಾಡಬೇಕು ಅಂತ ಬರೆದಿದೆ?’

ನಾನು ಓದಿ ಹೇಳಲಿಲ್ಲ. ‘ಪಾರ್ಸೆಲ್ ಮೆತ್ತಗಾಗುತ್ತೆ ಅಂತಾರೆ, ಡಬ್ಬಿಗೆ ತೂತು ಮಾಡಿ’ ಎಂದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಅವನು ಆಗಲೇ ಒಂದು ಡಬ್ಬಿ ತೆಗೆದು, ಮುಚ್ಚಳಕ್ಕೆ ಚಾಕುವಿನ ತುದಿಯಿಂದ ನಾಲ್ಕು ತೂತು ಮಾಡಿ, ‘ಹಿಂಗಾ ಅಕ್ಕಾ?’ ಎಂದ. ತಿರುಗಿ ಅಣ್ಣನಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ. ಅಣ್ಣ ನನ್ನತ್ತ ನೋಡಿ ತಲೆಬಾಗಿಸಿದ. ಆ ಮಳೆ ಬೇಗ ನಿಲ್ಲಲಿಲ್ಲ.

ಹಮಾಲರು ಬರೆಯುವುದಿಲ್ಲ. ಕಾಲೇಜು ಹುಡುಗಿಯರು ಮೂವರು ಸೇರಿ ಒಂದು ಪ್ಲೇಟ್ ಹಂಚಿಕೊಂಡು, ನಾಳೆ ಮತ್ತೆ ಬರುತ್ತಾರೆ. ಅವರದ್ದೂ ಅಭಿಪ್ರಾಯವೇ, ದಿನಾ 60 ರೂಪಾಯಿ ಕೊಟ್ಟು ಹೇಳುವ ಅಭಿಪ್ರಾಯ. ನಕ್ಷತ್ರದ ಲೆಕ್ಕದಲ್ಲಿ ಅದು ಸೊನ್ನೆ. ಬರೆಯಬಲ್ಲ ನಾಲ್ಕು ಜನರ ನಾಲಿಗೆಯೇ ಊರಿನ ನಾಲಿಗೆ ಎನಿಸಿಕೊಂಡಿದೆ. ಈ ಪತ್ರಿಕೆ ಓದುವವರು ಆ ನಾಲ್ಕು ಜನರಲ್ಲಿ ಇದ್ದೀರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯದನ್ನು ಅಳಿಸಿ ಹಾಕಿದೆ. ಬದಲಿಗೆ ಬರೆದದ್ದು ಇದು, ಇದಕ್ಕೆ ಇನ್ನೂ ಯಾರ ಮೆಚ್ಚುಗೆಯೂ ಬಿದ್ದಿಲ್ಲ: ‘ಗುರುವಾರ ಸಂಜೆ 6.40. ತರಕಾರಿ ಮೋಮೋ, ಎಂಟು ಪೀಸ್, 60 ರೂಪಾಯಿ. ಅಂಗಡಿಯ ಮುಂದೆ ನಿಂತೇ ತಿಂದೆ. ಹೊದಿಕೆ ತೆಳು, ಒಂದು ಒಡೆದಿತ್ತು. ಎಲೆಕೋಸು ಸಣ್ಣಗೆ ಹೆಚ್ಚಿದೆ, ಶುಂಠಿ ಬಾಯಿಗೆ ಸಿಗುತ್ತದೆ. ಕೆಂಪು ಚಟ್ನಿಗೆ ಅವತ್ತು ಉಪ್ಪು ಕಡಿಮೆ. ಕೈ ತೊಳೆಯಲು ನೀರು ಇಟ್ಟಿದ್ದಾರೆ. ಮನೆ ದೂರವಿದ್ದರೆ ಪಾರ್ಸೆಲ್ ಬೇಡ.’