ಕ್ರೈಸ್ತ ಶ್ರದ್ಧೆಯಲ್ಲಿ ದಾನ ಮತ್ತು ರೋಗಿಯ ಆರೈಕೆ

ಸಂಘದ ವಾರ್ಷಿಕೋತ್ಸವದ ವೇದಿಕೆಯ ಮೇಲೆ ವೈದ್ಯಕೀಯ ನೆರವಿನ ಚೆಕ್ಕು ಹಸ್ತಾಂತರವಾಗುವುದು, ಛಾಯಾಚಿತ್ರ ತೆಗೆಯುವುದು, ಸಭೆ ಚಪ್ಪಾಳೆ ತಟ್ಟುವುದು, ಇವೆಲ್ಲ ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಯ ಕನ್ನಡಿಗರಿಗೆ ಪರಿಚಿತವಾದ ದೃಶ್ಯಗಳು. ಇದನ್ನು ಹೀಗಳೆಯಬೇಕಾಗಿಲ್ಲ. ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರು ತಮ್ಮ ಗಳಿಕೆಯ ಒಂದು ಪಾಲನ್ನು ಪರರಿಗಾಗಿ ತೆಗೆದಿಡುವುದು ಮೆಚ್ಚತಕ್ಕ ವಿಷಯವೇ. ಆದರೆ ಚೆಕ್ಕು ಕೊಟ್ಟ ಮರುದಿನ ಆ ರೋಗಿಯ ಗತಿ ಏನಾಯಿತೆಂದು ವಿಚಾರಿಸುವವರು ವಿರಳ. ದಾನವನ್ನು ಕುರಿತ ಕ್ರೈಸ್ತ ವಿಚಾರ ಈ ಮರುದಿನಕ್ಕೆ ವಿಶೇಷ ಮಹತ್ತ್ವವನ್ನು ಕೊಟ್ಟಿದೆ.

ಲೂಕನ ಸುವಾರ್ತೆಯಲ್ಲಿ ಬರುವ ಸಮಾರ್ಯದವನ ದೃಷ್ಟಾಂತವನ್ನು ಕ್ರೈಸ್ತರಲ್ಲದವರೂ ಬಲ್ಲರು. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರಿಂದ ಪೆಟ್ಟುತಿಂದು ಬಿದ್ದವನೊಬ್ಬನನ್ನು ಕಂಡು ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ಹೋದರು. ಯೆಹೂದ್ಯರು ಕೀಳಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬ ಮಾತ್ರ ನಿಂತು, ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಚ್ಚಿ, ಬಟ್ಟೆ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ. ಉಪದೇಶಿಗಳು ಯಾಜಕನ ಕಲ್ಲೆದೆಯನ್ನು ಖಂಡಿಸುವುದರಲ್ಲಿಯೇ ಹೆಚ್ಚು ಹೊತ್ತು ಕಳೆಯುವುದುಂಟು. ಆದರೆ ಕಥೆಯ ತಿರುಳಿರುವುದು ಅದರ ಕೊನೆಯಲ್ಲಿ. ಮರುದಿನ ಆತ ಛತ್ರದವನ ಕೈಯಲ್ಲಿ ಎರಡು ಬೆಳ್ಳಿ ನಾಣ್ಯಗಳನ್ನಿಟ್ಟ. ಅಂದರೆ ಎರಡು ದಿನಗಳ ಕೂಲಿ. ಅದಕ್ಕಿಂತ ಹೆಚ್ಚು ವೆಚ್ಚವಾದರೆ ಹಿಂದಿರುಗುವಾಗ ತೀರಿಸುವೆನೆಂದು ಮಾತು ಕೊಟ್ಟ. ಮೊತ್ತ ಎಷ್ಟಾಗುವುದೆಂದು ತಿಳಿಯದೆಯೇ ಲೆಕ್ಕವನ್ನು ತನ್ನ ಹೆಸರಿಗೆ ಬರೆಸಿಕೊಂಡ ಆ ಮಾತಿನಲ್ಲಿ ದಾನದ ಪೂರ್ಣ ಸ್ವರೂಪವಿದೆ.

ಕನ್ನಡ ನಾಡಿನಲ್ಲಿ ಇದಕ್ಕೆ ಉತ್ತಮ ನಿದರ್ಶನ ಮಂಗಳೂರಿನ ಕಂಕನಾಡಿಯಲ್ಲಿದೆ. ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ 1841ರಲ್ಲಿ ಜನಿಸಿದ ಫಾದರ್ ಆಗಸ್ಟಸ್ ಮುಲ್ಲರ್, 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿತ್ ಪಾದ್ರಿಗಳಲ್ಲಿ ಒಬ್ಬರು. ಅವರಿಗೆ ಒಪ್ಪಿಸಿದ್ದ ಕೆಲಸ ಅಧ್ಯಾಪನ. ಹೋಮಿಯೋಪತಿ ಔಷಧಗಳ ಪರಿಚಯವಿದ್ದ ಅವರು ಬೇನೆ ಹೇಳಿಕೊಂಡು ಬಂದವರಿಗೆ ಔಷಧ ಕೊಡಲಾರಂಭಿಸಿದರು. 1880ರಲ್ಲಿ ಬಡವರ ಔಷಧಾಲಯವೊಂದು ರೂಪುಗೊಂಡಿತು. ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. 1890ರಲ್ಲಿ ಅವರಿಗಾಗಿ ಆಶ್ರಯಧಾಮವನ್ನು ತೆರೆದರು, 1895ರಲ್ಲಿ ಆಸ್ಪತ್ರೆಯಾಯಿತು, ಪ್ಲೇಗು ಹಬ್ಬಿದಾಗ, 1902ರಲ್ಲಿ, ಆ ರೋಗಿಗಳಿಗೂ ಸ್ಥಳ ಕಲ್ಪಿಸಲಾಯಿತು.

ಹೋಮಿಯೋಪತಿಯ ಗುಣಾವಗುಣಗಳ ಚರ್ಚೆ ಇಲ್ಲಿ ಅಪ್ರಸ್ತುತ. ಕುಷ್ಠಕ್ಕೆ ಆಗ ಯಾವ ಪದ್ಧತಿಯಲ್ಲಿಯೂ ನಿಜವಾದ ಮದ್ದಿರಲಿಲ್ಲ. ಹ್ಯಾನ್ಸೆನ್ ಎಂಬ ನಾರ್ವೆಯ ವೈದ್ಯ 1873ರಲ್ಲಿ ರೋಗಾಣುವನ್ನು ಕಂಡುಹಿಡಿದಿದ್ದರೂ, ಪರಿಣಾಮಕಾರಿಯಾದ ಔಷಧ ಬಂದದ್ದು 1940ರ ದಶಕದಲ್ಲಿ; ಇಂದು ಬಳಕೆಯಲ್ಲಿರುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಈಗ ಆರು ಅಥವಾ ಹನ್ನೆರಡು ತಿಂಗಳಲ್ಲಿ ರೋಗ ಗುಣವಾಗುತ್ತದೆ. ಅಂದಿನ ರೋಗಿಗೆ ಮುಲ್ಲರರು ಕೊಡಬಹುದಾಗಿದ್ದುದು ಸೂರು, ಅನ್ನ, ಶುಚಿಮಾಡಿದ ಗಾಯ, ಹೇಸದೆ ಹತ್ತಿರ ಬರುವ ಮನುಷ್ಯರ ಸಂಗ. ಗುಣವಾಗಿ ಮನೆಗೆ ಹೋಗದ ರೋಗಿಯ ವೆಚ್ಚಕ್ಕೆ ಕೊನೆಯಿಲ್ಲ. ಆದುದರಿಂದ ಅವರು ಔಷಧಗಳನ್ನು ಭಾರತದ ನಾನಾ ಭಾಗಗಳಿಗೆ ಅಂಚೆಯ ಮೂಲಕ ಮಾರಿ, ಬಂದ ಆದಾಯವನ್ನು ಈ ಕಾರ್ಯಕ್ಕೆ ವಿನಿಯೋಗಿಸಿದರು. ಪುಣ್ಯಕಾರ್ಯಕ್ಕೆ ವ್ಯಾಪಾರಬುದ್ಧಿ ಏಕೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಅವರು 1910ರ ನವೆಂಬರ್ 1ರಂದು ತೀರಿಕೊಂಡರು; ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಕೊಡುವುದಕ್ಕೆ ಸಿರಿತನ ಬೇಕೆಂಬುದೂ ಸರಿಯಲ್ಲ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಕಾಣಿಕೆಯನ್ನು ಯೇಸು ಧನಿಕರ ಕಾಣಿಕೆಗಿಂತ ಮೇಲೆಂದು ಎಣಿಸಿದ್ದು ಅವಳ ಬಳಿ ಬೇರೇನೂ ಉಳಿಯಲಿಲ್ಲವೆಂಬ ಕಾರಣಕ್ಕೆ. ಮಿಜೋರಾಮಿನ ಕ್ರೈಸ್ತ ಗೃಹಿಣಿಯರು ಶತಮಾನಕ್ಕೂ ಮಿಕ್ಕಿ ಪ್ರತಿ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಸಭೆಗೆಂದು ಬೇರೆ ತೆಗೆದಿಡುತ್ತ ಬಂದಿದ್ದಾರೆ. ಶರಣರ ದಾಸೋಹವನ್ನು ಬಲ್ಲ ಕನ್ನಡಿಗನಿಗೆ ಈ ಹಿಡಿ ಅಕ್ಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರೈಸ್ತರ ಕೊಡುಗೆಯ ಹಿಂದೆ ಮತಾಂತರದ ಉದ್ದೇಶವಿದೆಯೆಂಬ ಆಕ್ಷೇಪವೂ ಕೇಳಿಬರುತ್ತದೆ. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅನ್ನಕ್ಕೆ ಪ್ರತಿಯಾಗಿ ನಂಬಿಕೆಯನ್ನು ಕೇಳಿದರೆ ಅದು ವಿನಿಮಯವಾಗುತ್ತದೆಯೇ ಹೊರತು ದಾನವಾಗುವುದಿಲ್ಲ. ಸಮಾರ್ಯದವನು ಗಾಯಾಳುವಿನ ಮತವನ್ನು ವಿಚಾರಿಸಲಿಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂಬ ಉಪದೇಶವನ್ನು ಕೇಳಿದ ಚರ್ಚುಗಳಲ್ಲಿಯೇ ಗಂಟೆಯ ಮೇಲೂ ಬೆಂಚಿನ ಮೇಲೂ ದಾನಿಗಳ ಹೆಸರು ಕೆತ್ತಿರುವುದುಂಟು. ಈ ದೌರ್ಬಲ್ಯ ಯಾವ ಒಂದು ಸಮುದಾಯದ ಸೊತ್ತಲ್ಲ.

ಈ ವಿಚಾರ ಮಹಾನಗರದ ಕನ್ನಡಿಗರಿಗೆ ಹತ್ತಿರವಾಗುವುದು ಪರೇಲಿನಲ್ಲಿ. 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೂ, ಖಾರಘರದಲ್ಲಿರುವ ಅದರ ಕೇಂದ್ರಕ್ಕೂ ಕರ್ನಾಟಕದ ಅರ್ಬುದ ರೋಗಿಗಳು ಬರುತ್ತಾರೆ. ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರಗಳ ಓಡಾಟ. ಅಷ್ಟು ದಿನ ತಂಗುವುದೆಲ್ಲಿ? ಡೊಂಬಿವಲಿಯ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಊರಿನ ಸಂಬಂಧಿಕನಿಗೆ ಮಂಚ ಬಿಟ್ಟುಕೊಟ್ಟು, ತಾವು ನೆಲದ ಮೇಲೆ ಮಲಗಿ, ರಜೆ ಹಾಕಿ ಲೋಕಲ್ ಗಾಡಿಯಲ್ಲಿ ಅವನನ್ನು ಆಸ್ಪತ್ರೆಗೆ ಕರೆದೊಯ್ಯುವ ಗೃಹಸ್ಥರಿದ್ದಾರೆ. ಅವರ ಹೆಸರು ಯಾವ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿಯೂ ಇರುವುದಿಲ್ಲ. ಸಂಬಂಧಿಕರೇ ಇಲ್ಲದ ರೋಗಿಯ ಪಾಡಂತೂ ಕಷ್ಟತರ. ಹಿಂದಿಯೂ ಮರಾಠಿಯೂ ಬಾರದವನಿಗೆ ಯಾವ ಕಿಟಕಿಯ ಮುಂದೆ ನಿಲ್ಲಬೇಕೆಂಬುದೇ ಒಂದು ಸಮಸ್ಯೆ.

ಹಣದಿಂದ ಸಂಗ್ರಹಿಸಿಡಲಾಗದ ವಸ್ತುಗಳೂ ಇವೆ. ರಕ್ತದ ಅರ್ಬುದದ ರೋಗಿಗೆ ಮತ್ತೆ ಮತ್ತೆ ಬೇಕಾಗುವ ಪ್ಲೇಟ್‌ಲೆಟ್‌ಗಳು ಸಾಮಾನ್ಯವಾಗಿ ಐದು ದಿನಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ನಡೆಸಿ ಪ್ರಮಾಣಪತ್ರ ಹಂಚಿದ ಮಾತ್ರಕ್ಕೆ ಈ ಅಗತ್ಯ ತೀರದು. ಕರೆದಾಗ ಬರುವ ದಾನಿ ಬೇಕು. ಭಾರತದಲ್ಲಿ ಆರೋಗ್ಯವಂತ ಪುರುಷನು ಮೂರು ತಿಂಗಳಿಗೊಮ್ಮೆ, ಸ್ತ್ರೀಯು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಐವತ್ತು ಸದಸ್ಯರು ಸರದಿಯಂತೆ ಒಪ್ಪಿಕೊಂಡರೆ ವರ್ಷವಿಡೀ ಯಾರಾದರೊಬ್ಬರು ಸಿದ್ಧರಿರುತ್ತಾರೆ.

ಸ್ಮರಣ ಸಂಚಿಕೆಯಲ್ಲಿ ಜಾಹೀರಾತುಗಳಿಗೂ ದಾನಿಗಳ ಭಾವಚಿತ್ರಗಳಿಗೂ ಹತ್ತಾರು ಪುಟಗಳು ದೊರೆಯುತ್ತವೆ. ಅವುಗಳ ನಡುವೆ ಅರ್ಧ ಪುಟವನ್ನು ಬಿಡಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಬರಬಲ್ಲವರು, ಕೆಲವು ವಾರ ಕೋಣೆ ಬಿಟ್ಟುಕೊಡಬಲ್ಲವರು, ರಕ್ತ ಕೊಡಲು ಒಪ್ಪಿದವರು ಇವರನ್ನು ತಲಪಲು ಸಂಘದ ದೂರವಾಣಿಯ ಸಂಖ್ಯೆಯೊಂದನ್ನು ಅಚ್ಚು ಹಾಕಿಸುವುದು ಕಠಿಣವಲ್ಲ. ವರದಿಗಳ ಚೀಲವನ್ನು ಎದೆಗವಚಿಕೊಂಡು ವಿಜಯಪುರದಿಂದಲೋ ಕಾರವಾರದಿಂದಲೋ ಮೊದಲ ಬಾರಿ ಪರೇಲಿಗೆ ಬಂದಿಳಿಯುವವನಿಗೆ ಕನ್ನಡದಲ್ಲಿ ಉತ್ತರಿಸುವ ಒಬ್ಬರು ಆ ಸಂಖ್ಯೆಯಲ್ಲಿ ಸಿಗಬೇಕು. ಚಿಕಿತ್ಸೆಯ ಆರನೆಯ ವಾರದಲ್ಲಿಯೂ ಸಿಗಬೇಕು.